ಓಡಿದ ಇಲಿಗೆ ಹಾಳೆಯಲ್ಲಿ ಕಾಲಂ ಇರಲಿಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ‘ಟೆನ್ಷನ್ ಆದರೆ ಅವನು ಯೋಚಿಸುತ್ತಾನೆ, ಅವಳು ಅಳುತ್ತಾಳೆ’ ಲೇಖನ ಓದಿದೆ. ಒಂದು ನೀಲಿ ಮಿದುಳು, ಒಂದು ಗುಲಾಬಿ ಮಿದುಳು, ನಡುವೆ ಒಂದು ಮಿಂಚು. ಚಿತ್ರ ಚೆನ್ನಾಗಿತ್ತು. ಲೇಖನದ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕುಳಿತೆ, ಇಷ್ಟುದ್ದ ಆಯಿತು. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಇಲಿಗಳ ಭಾಗ ಮಾತ್ರ ಬಿಡಬೇಡಿ.

ನಾನು ವಿಜ್ಞಾನಿ ಅಲ್ಲ. ವೈದ್ಯಕೀಯ ಕಾಲೇಜೊಂದರ ಶರೀರಕ್ರಿಯಾ ವಿಭಾಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ಕೆಲಸದ ದೊಡ್ಡ ಪಾಲು ಅನಿಮಲ್ ಹೌಸ್‌ನಲ್ಲಿ. ಇಲಿಗಳ ಪಂಜರದ ಹೊಟ್ಟು ಬದಲಿಸುವುದು, ತೂಕ ನೋಡುವುದು, ರಕ್ತ ತೆಗೆಯುವವರಿಗೆ ಇಲಿ ಹಿಡಿದುಕೊಡುವುದು, ಪ್ರಯೋಗ ನಡೆಯುವಾಗ ಹಾಳೆ ತುಂಬುವುದು. ವಿದ್ಯಾರ್ಥಿಗಳು ಬಿಟ್ಟುಹೋದ ಪೇಪರುಗಳನ್ನು ಓದುವ ಚಟ ಅಲ್ಲೇ ಅಂಟಿದ್ದು. ನಿವೃತ್ತಿಯ ನಂತರವೂ ಬಿಟ್ಟಿಲ್ಲ.

ಒತ್ತಡ ಬಿದ್ದಾಗ ಗಂಡಸಿನ ಮಿದುಳು ಲೆಕ್ಕ ಹಾಕುತ್ತದೆ, ಹೆಂಗಸಿನ ಮಿದುಳು ಕರಗಿಹೋಗುತ್ತದೆ ಎಂಬಂತೆ ನಿಮ್ಮ ಲೇಖಕರು ಬರೆದಿದ್ದಾರೆ. ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಚೆನ್ನಾಗಿಯೇ ಇದೆ. ನನ್ನ ತಕರಾರು ಬೇರೆ. ಬಹಳ ವರ್ಷ ಬರೀ ಗಂಡನ್ನು ನೋಡಿ ನಿಯಮ ಬರೆದರು. ಹೆಣ್ಣು ಆ ನಿಯಮಕ್ಕೆ ಕೂಡದೇ ಹೋದಾಗ ‘ಇವಳದ್ದು ದುರ್ಬಲ’ ಎಂದು ಷರಾ ಹಾಕಿದರು. ಲೇಖನವೂ ಅದನ್ನೇ ಮಾಡಿದೆ.

ಮೊದಲು ಇಬ್ಬರಿಗೂ ಒಂದೇ ಆಗಿರುವುದನ್ನು ಹೇಳಿಬಿಡುತ್ತೇನೆ. ಅಪಾಯ ಕಂಡಾಗ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಸಿಆರ್‌ಎಫ್ ಎಂಬ ರಾಸಾಯನಿಕ ಬಿಡುತ್ತದೆ. ಅದು ಪಿಟ್ಯೂಟರಿ ಗ್ರಂಥಿಯನ್ನು ತಟ್ಟುತ್ತದೆ. ಪಿಟ್ಯೂಟರಿ ಕಳಿಸುವ ಹಾರ್ಮೋನು ರಕ್ತದಲ್ಲಿ ಇಳಿದು ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಮುಟ್ಟುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೊರಡುತ್ತದೆ. ಇದಕ್ಕೂ ಮೊದಲೇ ಅಡ್ರಿನಲಿನ್ ಎದೆ ಬಡಿತ ಏರಿಸಿರುತ್ತದೆ. ಗಂಡಾಗಲಿ ಹೆಣ್ಣಾಗಲಿ ಈ ದಾರಿ ಒಂದೇ. ಎಷ್ಟು ಬೇಗ, ಎಷ್ಟು ಜಾಸ್ತಿ, ಯಾವುದಕ್ಕೆ, ಎಷ್ಟು ಹೊತ್ತು ಎನ್ನುವಲ್ಲಿ ವ್ಯತ್ಯಾಸ.

‘ಹೋರಾಡು ಇಲ್ಲವೇ ಓಡು’ ಎಂಬ ಮಾತು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಅವರದ್ದು, 1915ರ ಸುಮಾರಿನದ್ದು. ಅದನ್ನು ಮನುಷ್ಯರೆಲ್ಲರ ಸ್ವಭಾವ ಎಂದು ಕಲಿಸುತ್ತ ಬಂದರು. 2000ದಲ್ಲಿ ಮನಶ್ಶಾಸ್ತ್ರಜ್ಞೆ ಶೆಲ್ಲಿ ಟೇಲರ್ ಮತ್ತು ಜೊತೆಯವರು ಹಳೆಯ ಅಧ್ಯಯನಗಳನ್ನು ತೆಗೆದು ನೋಡಿದರು. 1995ಕ್ಕೆ ಮುಂಚಿನ ಒತ್ತಡದ ಪ್ರಯೋಗಗಳಲ್ಲಿ ಹೆಂಗಸರ ಪಾಲು ಸುಮಾರು ಶೇ 17 ಮಾತ್ರ! ಪ್ರಾಣಿಗಳ ಕಡೆ ಇನ್ನೂ ಕಷ್ಟ. ನರವಿಜ್ಞಾನದಲ್ಲಿ ಬರೀ ಗಂಡು ಪ್ರಾಣಿಗಳ ಮೇಲೆ ಮಾಡಿದ ಅಧ್ಯಯನಗಳು, ಬರೀ ಹೆಣ್ಣಿನ ಮೇಲೆ ಮಾಡಿದವುಗಳಿಗಿಂತ ಐದೂವರೆ ಪಟ್ಟು ಜಾಸ್ತಿ ಎಂದು 2011ರಲ್ಲಿ ಅನಲೀಸ್ ಬೀರಿ ಮತ್ತು ಇರ್ವಿಂಗ್ ಜುಕರ್ ಲೆಕ್ಕ ಕೊಟ್ಟರು. ಆ ಸಂಖ್ಯೆ ಓದಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಲ್ಲಿಗೆ ಬರುತ್ತಿದ್ದ ಬೇಡಿಕೆ ಚೀಟಿಗಳಲ್ಲಿ ‘ಗಂಡು ಮಾತ್ರ’ ಎಂದೇ ಇರುತ್ತಿತ್ತು.

ಕಾರಣ ಕೇಳಿದರೆ ಒಂದೇ ಉತ್ತರ. ಹೆಣ್ಣಿಲಿಯದ್ದು ನಾಲ್ಕೈದು ದಿನದ ಋತುಚಕ್ರ, ಹಾರ್ಮೋನು ಏರಿಳಿಯುತ್ತದೆ, ಫಲಿತಾಂಶ ಕೆಡುತ್ತದೆ. ಕೆಲಸವೂ ಜಾಸ್ತಿ, ಅದು ನಿಜ. ಬೆಳಿಗ್ಗೆ ಬಂದು ಇಲಿಯನ್ನು ಅಂಗೈಯಲ್ಲಿ ಮಲಗಿಸಿ, ಡ್ರಾಪರಿನಲ್ಲಿ ಒಂದೆರಡು ಹನಿ ಸಲೈನ್ ಬಿಟ್ಟು, ವಾಪಸ್ ಎಳೆದು, ಸ್ಲೈಡಿಗೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಚಕ್ಕೆಯ ಹಾಗೆ ಒಣಗಿದ ಕೋಶಗಳು ಕಂಡರೆ ಇಲಿ ಬೆದೆಯಲ್ಲಿದೆ. ತುಂಬ ಸಣ್ಣ ಬಿಳಿ ರಕ್ತಕಣಗಳು ಗಿಜಿಗುಟ್ಟುತ್ತಿದ್ದರೆ ಬೆದೆ ಕಳೆದು ತಣ್ಣಗಾಗಿದೆ. ಉರುಟಾದ, ಒಳಗೆ ಬೀಜ ಕಾಣುವ ಕೋಶಗಳಾದರೆ ಬೆದೆ ಹತ್ತಿರ ಬಂದಿದೆ. ಒರಟಾಗಿ ಹಿಡಿದರೆ ಇಲಿಗೆ ಅದೇ ಒಂದು ಒತ್ತಡ, ಆ ದಿನದ ಅಳತೆ ಹಾಳು. ಇಷ್ಟೆಲ್ಲ ಯಾರು ಮಾಡುತ್ತಾರೆ? ಗಂಡಿಲಿ ತರಿಸಿದರೆ ಕೆಲಸ ಮುಗಿಯಿತು.

ಆದರೆ ‘ಹೆಣ್ಣು ಏರುಪೇರು, ಗಂಡು ಸ್ಥಿರ’ ಎಂಬುದನ್ನು 2014ರಲ್ಲಿ ಯಾರೋ ಕೊನೆಗೂ ಲೆಕ್ಕ ಹಾಕಿ ನೋಡಿದರು. ಬ್ರಯಾನ್ ಪ್ರೆಂಡರ್‌ಗಾಸ್ಟ್ ಅವರ ತಂಡ ಸುಂಡಿಲಿಗಳ ಮೇಲಿನ 293 ಪ್ರಬಂಧಗಳನ್ನು ಜಾಲಾಡಿತು. ಋತುಚಕ್ರ ನೋಡದೆ ಸುಮ್ನೆ ಅಳೆದರೂ ಹೆಣ್ಣುಗಳ ಏರುಪೇರು ಗಂಡುಗಳಿಗಿಂತ ಜಾಸ್ತಿ ಇರಲಿಲ್ಲ. ಏರುಪೇರು ಜಾಸ್ತಿ ಮಾಡಿದ್ದು ಪಂಜರ. ಗುಂಪಾಗಿ ಇಟ್ಟಾಗ ಗಂಡು, ಹೆಣ್ಣು ಎರಡರಲ್ಲೂ ಅದು ಶೇ 37ರಷ್ಟು ಏರಿತ್ತು. ನನಗಂತೂ ನಗು ಬಂತು. ಗಂಡು ಸುಂಡಿಲಿಗಳನ್ನು ಒಟ್ಟಿಗೆ ಇಟ್ಟರೆ ಏನಾಗುತ್ತದೆ ಎಂದು ಅನಿಮಲ್ ಹೌಸ್‌ನಲ್ಲಿ ಕಸ ಗುಡಿಸುವವರಿಗೂ ಗೊತ್ತು. ಬೆಳಗಾಗುವಷ್ಟರಲ್ಲಿ ಒಂದು ಯಜಮಾನ ಆಗಿರುತ್ತದೆ, ಉಳಿದವುಗಳ ಬಾಲದ ಬುಡದಲ್ಲಿ ಕಚ್ಚಿದ ಗಾಯ. ಯಜಮಾನನ ಗಂಡು ಹಾರ್ಮೋನು ಟೆಸ್ಟೊಸ್ಟೆರಾನ್ ಒಂದು ಮಟ್ಟ, ಮೂಲೆಗೆ ಸೇರಿದವುಗಳದ್ದು ಇನ್ನೊಂದು. ಅದನ್ನು ಯಾರೂ ‘ಹಾರ್ಮೋನಿನ ಕಾಟ’ ಅನ್ನಲಿಲ್ಲ.

ಈಗ ನಾನು ಬಿಡಬೇಡಿ ಅಂದ ಭಾಗ.

ಭಯ ಅಳೆಯುವ ಹಳೆಯ ಪ್ರಯೋಗ ಒಂದಿದೆ. ಪೆಟ್ಟಿಗೆಯಲ್ಲಿ ಇಲಿ. ಒಂದು ಸದ್ದು ಬರುತ್ತದೆ, ಸದ್ದು ಮುಗಿಯುವಾಗ ಕಾಲಿಗೆ ಸಣ್ಣ ಶಾಕ್. ಕೆಲವು ಸಲ ಹೀಗಾದ ಮೇಲೆ ಬರೀ ಸದ್ದು ಕೇಳಿದರೂ ಇಲಿ ಕಲ್ಲಿನಂತೆ ನಿಲ್ಲುತ್ತದೆ. ಮೀಸೆ ಕೂಡ ಅಲುಗುವುದಿಲ್ಲ, ಪಕ್ಕೆ ಮಾತ್ರ ಏರಿಳಿಯುತ್ತಿರುತ್ತದೆ. ಎಷ್ಟು ಸೆಕೆಂಡ್ ನಿಂತಿತೋ ಅಷ್ಟು ಭಯ. ಸ್ಟಾಪ್‌ವಾಚ್ ಒತ್ತಿ ಹಾಳೆಯಲ್ಲಿ ಬರೆಯುವ ಕೆಲಸ ನನ್ನದು. ಕೆಲವು ಇಲಿಗಳು ನಿಲ್ಲುತ್ತಲೇ ಇರಲಿಲ್ಲ. ಸದ್ದು ಶುರುವಾದ ಕೂಡಲೇ ಈ ಮೂಲೆಯಿಂದ ಆ ಮೂಲೆಗೆ ಬಾಣದ ಹಾಗೆ ಓಡುತ್ತಿದ್ದವು. ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ನಿಂತ ಸೆಕೆಂಡು ಕಡಿಮೆ, ಆದ್ದರಿಂದ ಭಯ ಕಡಿಮೆ, ಅಥವಾ ಇಲಿ ಪಾಠ ಕಲಿಯಲಿಲ್ಲ. ಹಾಗಂತ ಲೆಕ್ಕ.

2015ರಲ್ಲಿ ರೆಬೆಕಾ ಶಾನ್ಸ್ಕಿ ಅವರ ತಂಡ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಈ ಓಟವನ್ನೇ ಅಳೆಯಿತು. ಹೀಗೆ ಓಡುವುದು ಹೆಣ್ಣಿಲಿಗಳಲ್ಲಿ ಗಂಡಿನ ನಾಲ್ಕು ಪಟ್ಟು ಕಂಡಿತು. ಸುಮಾರು ಶೇ 40 ಹೆಣ್ಣುಗಳು ಓಡಿದರೆ ಗಂಡುಗಳಲ್ಲಿ ಓಡಿದ್ದು ಶೇ 10ರಷ್ಟು. ಅವು ಪಾಠ ಕಲಿತಿದ್ದವು, ಹೆದರಿಯೂ ಇದ್ದವು. ಆದರೆ ನಿಲ್ಲುವ ಬದಲು ಜಾಗ ಖಾಲಿ ಮಾಡಲು ನೋಡಿದವು. ಅಂದರೆ ಅಷ್ಟು ವರ್ಷ ‘ಭಯ’ ಎಂಬ ಹೆಸರಿನಲ್ಲಿ ಹೆಚ್ಚಾಗಿ ಗಂಡಿಲಿ ಹೆದರುವ ರೀತಿಯನ್ನೇ ಅಳೆಯುತ್ತಿದ್ದರು. ಈ ಪ್ರಬಂಧ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ಮಗ ನಗುತ್ತಾನೆ. ಅವನು ಆ ಹಾಳೆಗಳನ್ನು ತುಂಬಿದವನಲ್ಲ.

ಇನ್ನೊಂದು, ಹೆಣ್ಣಿನ ಕಡೆಗೆ ಅಷ್ಟು ಸಿಹಿಯಲ್ಲದ ಸುದ್ದಿ. ಅದನ್ನೂ ಹೇಳಲೇಬೇಕು. ಮಿದುಳಿನ ಕಾಂಡದಲ್ಲಿ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ನೀಲಿ ಚುಕ್ಕೆ ಇದೆ. ನಮ್ಮನ್ನು ಎಚ್ಚರದಲ್ಲಿಡುವ ನಾರ್‌ಅಡ್ರಿನಲಿನ್ ಹೆಚ್ಚಾಗಿ ಅಲ್ಲಿಂದಲೇ ಬರುವುದು. ಒತ್ತಡ ಬಂದಾಗ ಸಿಆರ್‌ಎಫ್ ಹೋಗಿ ಅಲ್ಲಿನ ಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟುತ್ತದೆ, ಚುಕ್ಕೆ ಚುರುಕಾಗುತ್ತದೆ. ಡೆಬ್ರಾ ಬ್ಯಾಂಗಾಸರ್, ರೀಟಾ ವ್ಯಾಲೆಂಟಿನೊ ಮತ್ತಿತರರು 2010ರಲ್ಲಿ ಇಲಿಗಳಲ್ಲಿ ಕಂಡದ್ದು ಇದು: ಈಜಿನ ಒತ್ತಡ ಕೊಟ್ಟ ಮೇಲೆ ಗಂಡಿಲಿಯ ಕೋಶ ಈ ಗ್ರಾಹಕಗಳನ್ನು ಒಳಗೆ ಎಳೆದುಕೊಂಡಿತು. ಬೆಲ್ ಬಡಿದೂ ಬಡಿದೂ ಸಾಕಾಗಿ ಮನೆಯವರು ಸ್ವಿಚ್ಚನ್ನೇ ಕಿತ್ತು ಒಳಗಿಟ್ಟ ಹಾಗೆ. ಹೆಣ್ಣಿಲಿಯ ಕೋಶದಲ್ಲಿ ಅವು ಹೊರಗೇ ಉಳಿದವು. ಸಾಲದ್ದಕ್ಕೆ ಅದೇ ಗ್ರಾಹಕ ಹೆಣ್ಣಿನಲ್ಲಿ ಕೋಶದೊಳಗಿನ ಸಂಕೇತಕ್ಕೆ ಇನ್ನೂ ಬಿಗಿಯಾಗಿ ಜೋಡಿಕೊಂಡಿತ್ತು. ಅಷ್ಟೇ ಸಿಆರ್‌ಎಫ್‌ಗೆ ಜಾಸ್ತಿ ಎಚ್ಚರ, ಆ ಎಚ್ಚರ ಇಳಿಯುವುದೂ ನಿಧಾನ. ಹೆಂಗಸರಲ್ಲಿ ಖಿನ್ನತೆ, ಆಘಾತದ ನಂತರದ ಒತ್ತಡದ ಕಾಯಿಲೆ ಎರಡೂ ಗಂಡಸರಿಗಿಂತ ಸುಮಾರು ಎರಡು ಪಟ್ಟು ಕಾಣುವುದಕ್ಕೆ ಇದು ಒಂದು ಕಾರಣ ಇರಬಹುದು ಎಂಬ ವಾದ ಇದೆ. ಇಲಿಯಲ್ಲಿ ಕಂಡದ್ದು ಹಾಗೆಯೇ ಮನುಷ್ಯರಿಗೆ ಅನ್ವಯಿಸುವುದಿಲ್ಲ, ಆದರೂ ಬದಿಗೆ ತಳ್ಳುವ ವಿಷಯ ಅಲ್ಲ.

ಹಾಗಾದರೆ ಹೆಣ್ಣೇ ದುರ್ಬಲ, ಅಲ್ವಾ? ತಡೆಯಿರಿ. ಇಲಿಗಳನ್ನು ದಿನಕ್ಕೆ 6 ಗಂಟೆಯಂತೆ 21 ದಿನ ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕುವ ಪ್ರಯೋಗ ಇದೆ. ವಿಕ್ಟೋರಿಯಾ ಲೂಯಿನ್ ಅವರ ತಂಡ ಆಮೇಲೆ ದಾರಿ ನೆನಪಿಡುವ ಪರೀಕ್ಷೆ ಕೊಟ್ಟಾಗ ಗಂಡಿಲಿಗಳು ಎಡವಿದವು. ಹೆಣ್ಣಿಲಿಗಳ ನೆನಪು ಕುಗ್ಗಲಿಲ್ಲ. ಒಂದೇ ಒಂದು ಸಲದ, ಜೋರಾದ ಒತ್ತಡ ಕೊಟ್ಟರೆ ಚಿತ್ರ ತಿರುಗುತ್ತದೆ. ಟ್ರೇಸಿ ಶೋರ್ಸ್ ಅವರು ನೋಡಿದ ಹಾಗೆ ಮರುದಿನ ಗಂಡಿನ ಮಿದುಳಿನಲ್ಲಿ ನೆನಪಿನ ಕೆಲಸ ನೋಡುವ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಮೇಲೆ ಸಂಕೇತ ಹಿಡಿಯುವ ಸಣ್ಣ ಮುಳ್ಳುಗಳು ಹೆಚ್ಚಿದ್ದವು, ಹೆಣ್ಣಿನಲ್ಲಿ ಕಡಿಮೆಯಾಗಿದ್ದವು. ಸದ್ದು ಕೇಳಿದರೆ ರೆಪ್ಪೆ ಬಡಿಯುವುದನ್ನು ಕಲಿಸುವ ಪಾಠದಲ್ಲಿ ಗಂಡು ಮುಂದೆ, ಹೆಣ್ಣು ಹಿಂದೆ. ಈಗ ಯಾರು ಗಟ್ಟಿ ಅಂತ ಹೇಳುತ್ತೀರಿ? ಒಂದು ದಿನದ ಒತ್ತಡವೋ, ಮೂರು ವಾರದ್ದೋ ಎಂದು ಕೇಳದೆ ಉತ್ತರ ಕೊಡಲು ಆಗುವುದಿಲ್ಲ.

ಇನ್ನು ಮನುಷ್ಯರ ವಿಷಯ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಒಂದು ಪರೀಕ್ಷೆ ಕಟ್ಟಿದರು. ಮೈಕು, ಕ್ಯಾಮೆರಾ, ಎದುರಿಗೆ ಮುಖ ಗಂಟಿಕ್ಕದ, ನಗದ, ತಲೆಯೂ ಆಡಿಸದ ಸಮಿತಿ. ಅವರ ಮುಂದೆ ಕೆಲಸದ ಸಂದರ್ಶನದ ಹಾಗೆ 5 ನಿಮಿಷ ಮಾತಾಡಬೇಕು. ಆಮೇಲೆ 1022ರಿಂದ 13 ಕಳೆಯುತ್ತ ಹೋಗಬೇಕು. 1009, 996, 983. ತಪ್ಪಿದರೆ ಮತ್ತೆ 1022ರಿಂದ. ನಡುನಡುವೆ ಹತ್ತಿಯ ಸುರುಳಿ ಅಗಿಸಿ ಎಂಜಲು ತೆಗೆದು ಕಾರ್ಟಿಸಾಲ್ ಅಳೆಯುತ್ತಾರೆ. ಪರೀಕ್ಷೆ ಮುಗಿದ 10–20 ನಿಮಿಷಕ್ಕೆ ಅದು ತುತ್ತತುದಿಗೆ ಹೋಗಿರುತ್ತದೆ.

ಯಾರಲ್ಲಿ ಜಾಸ್ತಿ ಏರಿತು ಗೊತ್ತಾ? ಬಹಳಷ್ಟು ಅಧ್ಯಯನಗಳಲ್ಲಿ ಗಂಡಸರಲ್ಲಿ. 1999ರಲ್ಲಿ ಕ್ಲೆಮೆನ್ಸ್ ಕಿರ್ಶ್‌ಬಾಮ್ ಅವರ ತಂಡ ಹೆಂಗಸರನ್ನೂ ಗುಂಪು ಮಾಡಿ ನೋಡಿತು. ಋತುಚಕ್ರದ ಎರಡನೇ ಅರ್ಧದಲ್ಲಿದ್ದವರ ಎಂಜಲಿನ ಕಾರ್ಟಿಸಾಲ್ ಗಂಡಸರಷ್ಟೇ ಏರಿತ್ತು. ಮೊದಲ ಅರ್ಧದಲ್ಲಿದ್ದವರಲ್ಲೂ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದವರಲ್ಲೂ ಕಡಿಮೆ. ತಮಾಷೆ ಎಂದರೆ ರಕ್ತದಲ್ಲಿನ ಒಟ್ಟು ಕಾರ್ಟಿಸಾಲ್ ನೋಡಿದರೆ ಈ ಗುಂಪುಗಳ ನಡುವೆ ಅಂಥ ವ್ಯತ್ಯಾಸವೇ ಇಲ್ಲ. ಮಾತ್ರೆಯಿಂದ ಕಾರ್ಟಿಸಾಲನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ರಕ್ತದಲ್ಲಿ ಹೆಚ್ಚುತ್ತದೆ. ಕೋಶಗಳಿಗೆ ಸಿಗುವುದು ಬಿಡಿಯಾಗಿರುವ ಕಾರ್ಟಿಸಾಲ್ ಮಾತ್ರ, ಎಂಜಲಿನಲ್ಲಿ ಕಾಣುವುದೂ ಅದೇ. ‘ಹೆಂಗಸರ ಮಿದುಳು’ ಎಂದು ಒಂದೇ ಡಬ್ಬಕ್ಕೆ ಹಾಕಿದ್ದರಲ್ಲ ನಿಮ್ಮ ಲೇಖಕರು, ಅವರು ಇದನ್ನು ನೋಡಬೇಕಿತ್ತು.

ಲಾರಾ ಸ್ಟ್ರೌಡ್ ಮತ್ತು ಜೊತೆಯವರು 2002ರಲ್ಲಿ ಇನ್ನೊಂದು ಬಗೆಯಲ್ಲಿ ಕೇಳಿದರು. ಗಣಿತ, ಬಾಯಿಪಾಠ ಕೊಟ್ಟಾಗ ಗಂಡಸರ ಕಾರ್ಟಿಸಾಲ್ ಜಾಸ್ತಿ ಏರಿತು. ಮಾತಿನ ನಡುವೆ ಬೇಕೆಂದೇ ಒಬ್ಬರನ್ನು ದೂರವಿಟ್ಟು, ಉಳಿದಿಬ್ಬರು ತಮ್ಮತಮ್ಮಲ್ಲೇ ಹರಟತೊಡಗಿದಾಗ ಏರಿದ್ದು ಹೆಂಗಸರದ್ದು. ಸಣ್ಣ ಅಧ್ಯಯನ, 50 ಮಂದಿಯದ್ದು. ಆದರೂ ನನಗೆ ಇಷ್ಟ, ಏಕೆಂದರೆ ಪ್ರಶ್ನೆಪತ್ರಿಕೆ ಬದಲಾದರೆ ಅಂಕಪಟ್ಟಿಯೂ ಬದಲಾಗುತ್ತದೆ ಎಂದು ಅದು ನೇರವಾಗಿ ತೋರಿಸುತ್ತದೆ.

ನಿಮ್ಮ ಲೇಖನದ ಮೂಲೆಯಲ್ಲಿ ಒಂದು ಚೌಕ ಇತ್ತು: ‘ಅವಳಿಗೆ ಟೆನ್ಷನ್ ಆದಾಗ ಪಕ್ಕದಲ್ಲಿ ಕೂತು ಧೈರ್ಯ ಹೇಳಿ’. ಇದಕ್ಕೂ ಒಂದು ಅಧ್ಯಯನ ಇದೆ, 1995ರದ್ದು, ಕಿರ್ಶ್‌ಬಾಮ್ ಅವರದ್ದೇ. ಆ ಭಾಷಣ ಪರೀಕ್ಷೆಗೆ ತಯಾರಾಗುವ ಹೊತ್ತಿನಲ್ಲಿ ಜೋಡಿಯನ್ನು ಪಕ್ಕದಲ್ಲಿ ಕೂರಿಸಿದರು. ಗೆಳತಿ ಧೈರ್ಯ ಹೇಳಿದಾಗ ಗಂಡಸರ ಕಾರ್ಟಿಸಾಲ್ ಇಳಿಯಿತು. ಗೆಳೆಯ ಧೈರ್ಯ ಹೇಳಿದಾಗ ಹೆಂಗಸರದ್ದು ಏರುವ ಕಡೆಗೇ ವಾಲಿತು! ನಾಲ್ಕು ಜನ ಗೆಳತಿಯರಿಗೆ ಇದನ್ನು ಹೇಳಿದೆ. ಯಾರೂ ‘ಯಾಕೆ’ ಎಂದು ಕೇಳಲಿಲ್ಲ.

ಟೇಲರ್ ಅವರ ‘ಸಲಹು, ಸ್ನೇಹ ಬೆಳೆಸು’ ಎಂಬ ವಾದವನ್ನೂ ಲೇಖಕರು ಉದ್ದಕ್ಕೆ ಎಳೆದಿದ್ದಾರೆ. ಕಷ್ಟ ಬಂದಾಗ ಹೆಣ್ಣು ಮಕ್ಕಳನ್ನು ತಬ್ಬುತ್ತಾಳೆ, ಜನ ಕೂಡಿಸುತ್ತಾಳೆ, ಅದರ ಹಿಂದೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಇದೆ ಎಂಬ ವಾದ ಅದು. ಒಳ್ಳೆಯ ವಾದವೇ. ಆದರೆ ಅದು ಗಂಡಸಿಗೆ ಇಲ್ಲ ಅಂತ ಯಾರು ಹೇಳಿದರು? 2012ರಲ್ಲಿ ಬರ್ನಡೆಟ್ ಫಾನ್ ಡಾವನ್ಸ್ ಅವರ ತಂಡ ಗಂಡಸರನ್ನಷ್ಟೇ ಒತ್ತಡಕ್ಕೆ ಒಡ್ಡಿ ನೋಡಿತು. ಒತ್ತಡದ ನಂತರ ಅವರು ಬೇರೆಯವರನ್ನು ನಂಬಿದ್ದೂ ಜಾಸ್ತಿ, ಹಂಚಿಕೊಂಡಿದ್ದೂ ಜಾಸ್ತಿ.

ನೀಲಿ, ಗುಲಾಬಿ ಚಿತ್ರಕ್ಕೆ ಆಧಾರ ಬಹುಶಃ 2007ರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸ್ಕ್ಯಾನ್ ಅಧ್ಯಯನ. ಅಲ್ಲೂ 13 ಕಳೆಯುವ ಅದೇ ಲೆಕ್ಕ. ಗಂಡಸರಲ್ಲಿ ಹಣೆಯ ಹಿಂದಿನ ಬಲಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯಿತು, ಹೆಂಗಸರಲ್ಲಿ ಭಾವನೆಗೆ ಸಂಬಂಧಪಟ್ಟ ಒಳಭಾಗಗಳಿಗೆ. ಇಷ್ಟು ನಿಜ. ಎಷ್ಟು ಜನರಲ್ಲಿ ನೋಡಿದ್ದು? 32. ಅದೂ ಗುಂಪಿನ ಸರಾಸರಿ. ಇದರಿಂದ ‘ಅವನು ಯೋಚಿಸುತ್ತಾನೆ, ಅವಳು ಅಳುತ್ತಾಳೆ’ ಎಂದು ಹೊರಡುವುದು ಹೇಗೆ? ಲೆಕ್ಕವನ್ನಂತೂ ಇಬ್ಬರೂ ಮಾಡಿದರು. ದಾಫ್ನಾ ಯೋಯೆಲ್ ಅವರ ತಂಡ 2015ರಲ್ಲಿ 1,400ಕ್ಕೂ ಹೆಚ್ಚು ಮಿದುಳುಗಳ ಸ್ಕ್ಯಾನ್ ನೋಡಿ, ಪೂರ್ತಿ ‘ಗಂಡು’ ಅಥವಾ ಪೂರ್ತಿ ‘ಹೆಣ್ಣು’ ಎನಿಸುವ ಮಿದುಳು ಸಿಗುವುದು ತೀರಾ ಅಪರೂಪ, ಹೆಚ್ಚಿನವು ಕಲಬೆರಕೆ ಎಂದಿತು. ಅದನ್ನು ಒಪ್ಪದವರೂ ಇದ್ದಾರೆ. ಆದರೆ ಎರಡು ಬಣ್ಣದ ಚಿತ್ರ ಹಾಕುವ ಮುನ್ನ ಒಂದು ಸಾಲು ಬರೆಯಬಹುದಿತ್ತು.

ಗಂಡಸರ ಪಾಡನ್ನೂ ಆ ಚಿತ್ರ ಮುಚ್ಚಿಬಿಡುತ್ತದೆ, ನನಗೆ ಅದೇ ಜಾಸ್ತಿ ಬೇಸರ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ಆತ್ಮಹತ್ಯೆ 1 ಲಕ್ಷ ಗಂಡಸರಲ್ಲಿ 12.6, ಹೆಂಗಸರಲ್ಲಿ 5.4. ಕುಡಿತದ ಕಾಯಿಲೆಯೂ ಗಂಡಸರಲ್ಲೇ ಜಾಸ್ತಿ. ಖಿನ್ನತೆಯ ಪ್ರಶ್ನಾವಳಿಯಲ್ಲಿ ‘ಅಳು ಬರುತ್ತದೆಯೇ’ ಎಂದು ಕೇಳಿ, ‘ಸಿಟ್ಟು ಬರುತ್ತದೆಯೇ, ಕುಡಿತ ಹೆಚ್ಚಾಗಿದೆಯೇ’ ಎಂದು ಕೇಳದಿದ್ದರೆ ಗಂಡಸರು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಕಾಲಂ ಇಲ್ಲದಿರುವುದು ಒಂದು ಪಕ್ಷಕ್ಕೆ ಮಾತ್ರ ತಟ್ಟುವುದಿಲ್ಲ. ಹಾಗೆಯೇ, ಹೆಂಗಸರಿಗೆ ಆಘಾತದ ಕಾಯಿಲೆ ಜಾಸ್ತಿ ಎನ್ನುವಾಗ ಅವರ ಮೇಲೆ ಎಂಥ ಆಘಾತಗಳು ಬೀಳುತ್ತವೆ, ಲೈಂಗಿಕ ದೌರ್ಜನ್ಯ ಎಷ್ಟು, ಅದನ್ನು ಮಾಡುವವರಲ್ಲಿ ಗುರುತಿನವರೆಷ್ಟು ಎನ್ನುವುದನ್ನೂ ಕೇಳಬೇಕು. ಎಲ್ಲವನ್ನೂ ನೀಲಿ ಚುಕ್ಕೆಯ ತಲೆಗೆ ಕಟ್ಟಲಾಗದು.

ಅಂದ ಹಾಗೆ ಒಂದು ಸಣ್ಣ ವಿಷಯ. 2014ರಲ್ಲಿ ಕೆನಡಾದ ಜೆಫ್ರಿ ಮೊಗಿಲ್ ಅವರ ತಂಡ, ಕೋಣೆಯಲ್ಲಿ ಗಂಡಸು ಕೂತಿದ್ದರೆ ಇಲಿ, ಸುಂಡಿಲಿಗಳಿಗೆ ಒತ್ತಡ ಏರಿ ನೋವು ತೋರಿಸುವುದೇ ಕಡಿಮೆಯಾಗುತ್ತದೆ ಎಂದು ಕಂಡುಹಿಡಿಯಿತು. ಗಂಡಸು ತೊಟ್ಟು ಬಿಟ್ಟ ಟಿ-ಶರ್ಟ್ ಇಟ್ಟರೂ ಸಾಕು. ಹೆಂಗಸು ಕೂತರೆ ಹಾಗಾಗುವುದಿಲ್ಲ. ಹಳೆಯ ಪ್ರಬಂಧಗಳಲ್ಲಿ ಅಳೆದವರು ಯಾರೆಂದು ಎಲ್ಲಿ ಬರೆದಿದ್ದಾರೆ? ಇದನ್ನು ನಮ್ಮ ವಿಭಾಗದ ಹಳೆಯ ಮೇಷ್ಟ್ರೊಬ್ಬರಿಗೆ ಫೋನಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನು ಇದನ್ನೂ ನೋಡಬೇಕಾ’ ಅಂದರು. ನೋಡಬೇಕು ಸಾರ್.

2016ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಣ ಕೇಳುವ ಸಂಶೋಧಕರಿಗೆ ಒಂದು ನಿಯಮ ಮಾಡಿದೆ. ಪ್ರಾಣಿಗಳಲ್ಲೂ ಎರಡೂ ಲಿಂಗಗಳನ್ನು ಲೆಕ್ಕಕ್ಕೆ ಹಿಡಿಯಬೇಕು, ಒಂದನ್ನೇ ಬಳಸುವುದಾದರೆ ಬಲವಾದ ಕಾರಣ ಕೊಡಬೇಕು. ಆ ನಿಯಮ ಬರುವಷ್ಟರಲ್ಲಿ ನಾನು ಕೆಲಸ ಬಿಟ್ಟಾಗಿತ್ತು, ಡ್ರಾಪರ್ ಹಿಡಿಯುವ ಕಷ್ಟ ಈಗಿನವರದ್ದು.

ಮುಂದಿನ ಭಾನುವಾರ ‘ನಿದ್ದೆ ಮತ್ತು ಮಿದುಳು’ ಬರುತ್ತದೆ ಎಂದು ನೀವು ಹಾಕಿದ್ದೀರಿ. ಟೆನ್ಷನ್‌ಗೆ ನಿದ್ದೆ ಬಾರದವರಿಗೆ ಕೊಡುವ ಝೋಲ್ಪಿಡೆಮ್ ಮಾತ್ರೆಯ ವಿಷಯ ಅದರಲ್ಲಿ ಇದ್ದೇ ಇರುತ್ತದೆ. ಅದು ಅಮೆರಿಕದ ಮಾರುಕಟ್ಟೆಗೆ ಒಪ್ಪಿಗೆ ಪಡೆದದ್ದು 1992ರಲ್ಲಿ. ಬೆಳಿಗ್ಗೆ ಎದ್ದಾಗಲೂ ಹೆಂಗಸರ ರಕ್ತದಲ್ಲಿ ಅದು ಗಂಡಸರಿಗಿಂತ ಜಾಸ್ತಿ ಉಳಿದಿರುತ್ತದೆ, ವಾಹನ ಓಡಿಸುವುದು ಅಪಾಯ ಎಂದು ಹೇಳಿ ಅಲ್ಲಿನ ಔಷಧ ಇಲಾಖೆ ಹೆಂಗಸರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದ್ದು 2013ರಲ್ಲಿ. ಡೋಸಿನ ಸಾಲು ಬರೆಯುವಾಗ ಇಬ್ಬರದ್ದನ್ನೂ ಬೇರೆಬೇರೆ ಬರೆಯಿರಿ, ವೈದ್ಯರನ್ನು ಕೇಳದೆ ನುಂಗಬೇಡಿ ಎಂದೂ ಸೇರಿಸಿ. ಪ್ರಯೋಗಗಳ ಮಾತು ಬಂದಾಗ ಇಲಿಯೋ ಮನುಷ್ಯರೋ, ಎಷ್ಟು ಮಂದಿ, ಅಳೆದದ್ದು ಏನು ಎಂದು ಒಂದೊಂದು ಪದದಲ್ಲಾದರೂ ಹಾಕಿ. ಗುಲಾಬಿ ಮಿದುಳನ್ನು ಮತ್ತೆ ಬಳಸುವುದಿದ್ದರೆ ನನ್ನ ಅಭ್ಯಂತರವಿಲ್ಲ, ಗಂಡಸರಿಗೂ ಒಂದು ಕೊಡಿ.

ಇಂತಿ ನಿಮ್ಮ ಓದುಗಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್
(ಹೆಸರು ಪ್ರಕಟಿಸಬೇಡಿ)